ಸಿಂಗಪುರದ ಜನಾಂಗಗಣನೆ

1965ರಲ್ಲಿ ಮಲೇಷ್ಯಾದಿಂದ ಬೇರ್ಪಟ್ಟು ಸ್ವತಂತ್ರವಾದ ಸಿಂಗಪುರವು, ಜನಾಂಗ, ಭಾಷೆ, ಮತಗಳ ಭೇದವನ್ನೆಣಿಸದೆ ಒಂದೇ ಪ್ರಜಾಸಮುದಾಯವಾಗಿ ಬಾಳುವೆವೆಂಬ ಪ್ರತಿಜ್ಞೆಯನ್ನು ಮರುವರ್ಷವೇ ರಚಿಸಿಕೊಂಡು ಶಾಲಾಬಾಲಕರಿಂದ ಹೇಳಿಸತೊಡಗಿತು. ಆದರೆ ಅದೇ ಬಾಲಕರು 15ನೆಯ ವಯಸ್ಸಿನಲ್ಲಿ ಪಡೆಯುವ ಗುರುತಿನ ಚೀಟಿಯಲ್ಲಿ ಅವರವರ ಜನಾಂಗವು ಅಚ್ಚಾಗಿಯೇ ಇರುತ್ತದೆ. ಚೀನೀಯ, ಮಲಯ, ಭಾರತೀಯ, ಇತರ ಎಂಬ ಈ ವಿಭಾಗಕ್ರಮವು ಆಂಗ್ಲರ ಆಳಿಕೆಯ ಜನಗಣತಿಯಿಂದ ಬಂದ ಬಳುವಳಿ.

ಇದು ಬರಿಯ ಲೆಕ್ಕದ ಮಾತೂ ಅಲ್ಲ. 1964ರ ಕೋಮುಗಲಭೆಗಳನ್ನು ಕಂಡಿದ್ದ ಸರಕಾರವು, ಒಂದೊಂದು ಜನಾಂಗವೂ ಒಂದೊಂದು ಕೇರಿ ಕಟ್ಟಿಕೊಳ್ಳಬಾರದೆಂದು 1989ರಲ್ಲಿ ಸಾರ್ವಜನಿಕ ವಸತಿಗೃಹಗಳ ಪ್ರತಿ ಕಟ್ಟಡಕ್ಕೂ ಜನಾಂಗವಾರು ಮಿತಿಯನ್ನು ವಿಧಿಸಿತು. ಉದ್ದೇಶವೇನೋ ಸ್ತುತ್ಯವೇ, ಆದರೆ ಚೀನೀಯರ ಪಾಲು ಆಗಲೇ ತುಂಬಿರುವ ಕಟ್ಟಡದಲ್ಲಿ ಮಲಯನಾಗಲಿ ಭಾರತೀಯನಾಗಲಿ ತನ್ನ ಮನೆಯನ್ನು ಚೀನೀಯನಿಗೆ ಮಾರುವಂತಿಲ್ಲವಾದುದರಿಂದ, ಬಹುಸಂಖ್ಯಾತರು ಗಿರಾಕಿಗಳಾಗಲಾರದೆ, ಐಕ್ಯದ ಬೆಲೆಯನ್ನು ಅಲ್ಪಸಂಖ್ಯಾತನೇ ತೆರಬೇಕಾಗುವುದುಂಟು. ನನಗಿದು ನ್ಯಾಯವೆಂದು ತೋರದು.

ಇನ್ನು ‘ಭಾರತೀಯ’ನೆಂದರೆ ಯಾರು? ತಮಿಳ, ಮಲೆಯಾಳಿ, ಪಂಜಾಬಿ, ಕನ್ನಡಿಗ ಎಲ್ಲರೂ ಅದರಲ್ಲಿ ಅಡಕ. ತಮಿಳು ಅಲ್ಲಿ ರಾಜ್ಯಾಂಗಮಾನ್ಯ ಭಾಷೆ. ಹಿಂದಿ, ಬಂಗಾಳಿ, ಗುಜರಾತಿಗಳಿಗೂ ಮಾತೃಭಾಷಾ ಪಾಠದಲ್ಲಿ ಎಡೆಯುಂಟು. ಆದರೆ ಕನ್ನಡಿಗರ ಮಗುವು ಅನ್ಯರ ನುಡಿಯೊಂದನ್ನೇ ‘ಮಾತೃಭಾಷೆ’ಯೆಂದು ಕಲಿಯಬೇಕು.

ಮಿಶ್ರವಿವಾಹಗಳು ಹೆಚ್ಚಿದಂತೆ ಈ ಎಲ್ಲೆಗಳೂ ಸಡಿಲಗೊಳ್ಳಬೇಕಾಯಿತು. 2011ರಿಂದ ತಂದೆತಾಯಿಯರಿಬ್ಬರ ಜನಾಂಗವನ್ನೂ ಜೋಡಿಸಿ ಬರೆಯಿಸುವ ಅವಕಾಶ ದೊರೆತಿದೆ. ಆದರೂ ವಸತಿಗೃಹದ ಮಿತಿಯನ್ನೆಣಿಸುವಾಗ ಅಧಿಕಾರಿಗಳು ಗಣನೆಗೆ ತೆಗೆದುಕೊಳ್ಳುವುದು ಮೊದಲು ಬರೆದ ಜನಾಂಗವನ್ನು ಮಾತ್ರ.