ದಾರಿ ಕಾಯುವವರು

ದಾರಿಯೆಂಬುದು ಒಮ್ಮೆ ಕಡಿದು ಮುಗಿಸಿದರೆ ಚಿರಕಾಲ ಉಳಿಯುವ ವಸ್ತುವೆಂದು ಊರಿನಲ್ಲಿ ವಾಸಿಸುವ ನಾವು ಭಾವಿಸುವುದುಂಟು. ಕಾಡಿನ ದಾರಿಗೆ ಆ ಭಾಗ್ಯವಿಲ್ಲ. ಒಂದು ಮಳೆಗಾಲ ಅದರ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ಒಂದು ಬಿರುಗಾಳಿ ಅದರ ಮೇಲೆ ನೂರು ಮರಗಳನ್ನು ಅಡ್ಡಕೆಡಹುತ್ತದೆ. ನಾಲ್ಕು ಬೇಸಗೆ ಯಾರೂ ತಿರುಗಿ ನೋಡದಿದ್ದರೆ ಇಕ್ಕೆಲದ ಪೊದೆಗಳು ಕೈಚಾಚಿ ಒಂದಾಗಿಬಿಡುತ್ತವೆ. ಆದುದರಿಂದ ಕಾಡಿನಲ್ಲಿ ಒಂದು ಕಾಲುದಾರಿ ಸುಗಮವಾಗಿದೆಯೆಂದರೆ, ಈಚೆಗೆ ಯಾರೋ ಅದನ್ನು ಕೈಯಾರೆ ಸರಿಪಡಿಸಿದ್ದಾರೆಂದೇ ಅರ್ಥ. ಆ ‘ಯಾರೋ’ ಯಾರು? ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಈ ಪ್ರಶ್ನೆಗೆ ದೊರೆಯುವ ಉತ್ತರ ಸ್ವಾರಸ್ಯವಾದುದು. ಅನೇಕ ಕಡೆ ಅವರು ಸಂಬಳವಿಲ್ಲದೆ ದುಡಿಯುವ ಸಾಮಾನ್ಯ ನಾಗರಿಕರು.

ಈ ಸಂಪ್ರದಾಯದ ಅತ್ಯಂತ ಪ್ರಸಿದ್ಧ ನಿದರ್ಶನ ಅಪಲಾಚಿಯನ್ ಕಾಲುದಾರಿ. ಅರಣ್ಯಶಾಸ್ತ್ರವನ್ನು ಬಲ್ಲ ಬೆಂಟನ್ ಮೆಕಾಯ್ ಎಂಬಾತ 1921ರಲ್ಲಿ ಒಂದು ಲೇಖನ ಬರೆದು, ದೇಶದ ಪೂರ್ವಭಾಗದ ಪರ್ವತಶ್ರೇಣಿಯ ನೆತ್ತಿಯ ಮೇಲೆ ಉದ್ದಕ್ಕೂ ಒಂದು ನಡೆದಾರಿ ಇರಬೇಕೆಂದು ಸೂಚಿಸಿದ. ಆತನದು ಕನಸು, ಅದನ್ನು ನೆಲಕ್ಕಿಳಿಸಿದ ಛಲ ಮೈರನ್ ಏವರಿ ಎಂಬ ವಕೀಲನದು. ಚಕ್ರದ ಅಳತೆಗೋಲನ್ನು ಮುಂದೆ ತಳ್ಳಿಕೊಂಡು ಮೈಲಿ ಮೈಲಿಯನ್ನೂ ಅಳೆಯುತ್ತ ನಡೆದವನು ಆತ. 1937ರಲ್ಲಿ ದಾರಿ ಪೂರ್ಣವಾಯಿತು. ದಕ್ಷಿಣದ ಜಾರ್ಜಿಯಾದಿಂದ ಉತ್ತರದ ಮೇನ್‌ವರೆಗೆ, ಹದಿನಾಲ್ಕು ರಾಜ್ಯಗಳನ್ನು ಹಾಯುವ ಅದರ ಉದ್ದ ಇಂದು 2,190 ಮೈಲಿಗಿಂತ ಸ್ವಲ್ಪ ಹೆಚ್ಚು.

ಪೂರ್ಣವಾಯಿತು ಎಂಬ ಮಾತನ್ನು ಪ್ರಕೃತಿ ಒಪ್ಪಲಿಲ್ಲ. ಮರುವರ್ಷವೇ, 1938ರ ಸೆಪ್ಟೆಂಬರಿನಲ್ಲಿ, ಭೀಕರ ಚಂಡಮಾರುತವೊಂದು ಈಶಾನ್ಯ ರಾಜ್ಯಗಳ ಕಾಡುಗಳನ್ನು ಮಲಗಿಸಿತು. ಆಮೇಲೆ ಮಹಾಯುದ್ಧ ಬಂದಿತು. ಗರಗಸ ಹಿಡಿಯುವ ಕೈಗಳು ಬಂದೂಕು ಹಿಡಿದವು. ದಾರಿ ಎಷ್ಟೋ ಕಡೆ ಕಾಡಿನಲ್ಲಿ ಕರಗಿಹೋಯಿತು. 1955ರಲ್ಲಿ ಎಮ್ಮಾ ಗೇಟ್‌ವುಡ್ ಎಂಬ ಅರುವತ್ತೇಳು ವರ್ಷದ ಅಜ್ಜಿ, ಹನ್ನೊಂದು ಮಕ್ಕಳ ತಾಯಿ, ಬಟ್ಟೆಯ ಚೀಲವೊಂದನ್ನು ಹೆಗಲಿಗೇರಿಸಿ ಒಬ್ಬಳೇ ಈ ದಾರಿಯನ್ನು ಆದ್ಯಂತವಾಗಿ ನಡೆದಳು. ದೇಶ ಬೆರಗಾಯಿತು. ಆದರೆ ಅಜ್ಜಿ ಹೊಗಳಿಕೆಗೆ ಮಣಿಯಲಿಲ್ಲ. ಗುರುತುಗಳು ಮಾಸಿದ್ದವು, ಪೊದೆಗಳು ಬೆಳೆದಿದ್ದವು, ಬಿದ್ದ ಮರಗಳನ್ನು ತೆಗೆಯುವವರಿರಲಿಲ್ಲ ಎಂದು ಪತ್ರಿಕೆಯವರ ಮುಂದೆ ನೇರವಾಗಿ ದೂರಿದಳು. ಆ ಕಿಡಿನುಡಿ ದಾರಿಗೆ ಉಪಕಾರವನ್ನೇ ಮಾಡಿತೆನ್ನಬೇಕು. ಇಂದು ಈ ದಾರಿಯನ್ನು ಮೂವತ್ತು ಸಂಘಗಳು ತುಂಡು ತುಂಡಾಗಿ ಹಂಚಿಕೊಂಡಿವೆ. ಒಬ್ಬ ಉಪಾಧ್ಯಾಯನೋ, ಒಬ್ಬ ನಿವೃತ್ತ ಯಂತ್ರತಜ್ಞನೋ ಎರಡು ಮೂರು ಮೈಲಿಯ ಹೊಣೆ ಹೊತ್ತು, ವರ್ಷಕ್ಕೆ ಹಲವು ಸಲ ಹೋಗಿ ಅದನ್ನು ತನ್ನ ಮನೆಯಂಗಳದಂತೆ ನೋಡಿಕೊಳ್ಳುತ್ತಾನೆ.

ಈ ದುಡಿಮೆಗೆ ಇನ್ನೊಂದು ವಿಶೇಷ ರೂಪ ಕೊಟ್ಟುದು 1964ರ ಅರಣ್ಯನಿರ್ಜನತೆಯ ಕಾಯಿದೆ. ಅದರ ಕರಡನ್ನು ಬರೆದು, ಎಂಟು ವರ್ಷ ಅದಕ್ಕಾಗಿ ಹೋರಾಡಿದ ಹೊವಾರ್ಡ್ ಜಾನೈಸರ್, ಅಧ್ಯಕ್ಷ ಜಾನ್ಸನ್ನರ ರುಜು ಬೀಳುವ ಕೆಲವೇ ತಿಂಗಳ ಮುನ್ನ ತೀರಿಕೊಂಡ. ಮನುಷ್ಯನು ಅತಿಥಿಯಾಗಿ ಬಂದು ಹೋಗಬೇಕಾದ, ನೆಲೆಸಬಾರದ ಕೆಲವು ಭೂಭಾಗಗಳು ನಾಡಿನಲ್ಲಿರಬೇಕು ಎಂಬುದು ಆ ಕಾಯಿದೆಯ ತಿರುಳು. ಆರಂಭದಲ್ಲಿ ತೊಂಬತ್ತೊಂದು ಲಕ್ಷ ಎಕರೆಗೆ ಅನ್ವಯಿಸಿದ ಅದು ಇಂದು ಹನ್ನೊಂದು ಕೋಟಿ ಎಕರೆಗೂ ಮಿಕ್ಕಿದ ನೆಲವನ್ನು ಕಾಯುತ್ತಿದೆ. ಅಲ್ಲಿ ರಸ್ತೆಯಿಲ್ಲ, ಮೋಟಾರು ವಾಹನವಿಲ್ಲ, ತೀರ ಅನಿವಾರ್ಯ ಸಂದರ್ಭದ ಹೊರತು ಯಂತ್ರದ ಗರಗಸವೂ ಇಲ್ಲ. ರಾಷ್ಟ್ರೀಯ ಅರಣ್ಯಗಳ ಇಂಥ ಸೀಮೆಯಲ್ಲಿ ಮಣ್ಣು ಹೊರುವ ಚಕ್ರದ ಕೈಗಾಡಿಗೂ ಪ್ರವೇಶವಿಲ್ಲ. ದಾರಿಗಡ್ಡ ಬಿದ್ದ ಮೂರಡಿ ದಪ್ಪದ ಮರವನ್ನು ನಮ್ಮ ಅಜ್ಜಂದಿರ ಕಾಲದಂತೆ ಇಬ್ಬರು ಎದುರುಬದುರು ನಿಂತು ಎಳೆಯುವ ಉದ್ದ ಗರಗಸದಿಂದಲೇ ಕೊಯ್ಯಬೇಕು.

ಆ ಗರಗಸ ಒಂದು ಪಾಠಶಾಲೆಯೇ ಸರಿ. ಅದನ್ನು ಎಳೆಯಬೇಕು, ತಳ್ಳಬಾರದು. ತಳ್ಳಿದರೆ ಅಲಗು ಬಾಗುತ್ತದೆ. ತನ್ನ ಸರದಿ ಮುಗಿದೊಡನೆ ಕೈ ಸಡಿಲಿಸಿ ಎದುರಿನವನಿಗೆ ಬಿಟ್ಟುಕೊಡಬೇಕು. ಅದರ ಹಲ್ಲುಗಳಲ್ಲಿ ಎರಡು ಜಾತಿ: ಕೆಲವು ಮರದ ನಾರನ್ನು ಕತ್ತರಿಸುತ್ತವೆ, ಕೆಲವು ಕತ್ತರಿಸಿದ್ದನ್ನು ಕೆರೆದು ಹೊರಗೆ ತಳ್ಳುತ್ತವೆ. ಹದವಾಗಿ ಮಸೆದ ಗರಗಸದಿಂದ ಪುಡಿ ಉದುರುವುದಿಲ್ಲ, ಶಾವಿಗೆಯಂಥ ಉದ್ದ ಎಳೆಗಳು ಸುರುಳಿಯಾಗಿ ಬರುತ್ತವೆ. ಬಲ್ಲವರು ಹಳೆಯ ತಯಾರಿಕೆಯ ಗರಗಸಗಳನ್ನೇ ಹುಡುಕಿ ಕಾಪಾಡುತ್ತಾರೆ. ಕೊಯ್ಯುವ ಮುನ್ನ ಬಿದ್ದ ಮರವನ್ನು ಓದಬೇಕು. ಎರಡು ತುದಿಗಳೂ ಆತುಕೊಂಡು ನಡುವೆ ಜೋತ ಮರದ ಮೇಲ್ಭಾಗ ಒತ್ತಿಕೊಂಡಿರುತ್ತದೆ, ಕೆಳಭಾಗ ಬಿಗಿದಿರುತ್ತದೆ. ಮೇಲಿನಿಂದ ಕೊಯ್ಯುತ್ತ ಹೋದರೆ ಮರ ಅಲಗನ್ನು ಕಚ್ಚಿ ಹಿಡಿಯುತ್ತದೆ. ಆದ್ದರಿಂದ ಬಿರುಕಿಗೆ ಬೆಣೆ ಹೊಡೆಯಬೇಕು. ಇಳಿಜಾರಿನಲ್ಲಿ ಮರದ ಕೆಳಮಗ್ಗುಲಿಗೆ ನಿಂತವನ ಮೇಲೆ ತುಂಡು ಉರುಳಿ ಬಂದೀತು. ಅಂತೆಯೇ ಅರಣ್ಯ ಸೇವೆಯವರು ತರಬೇತಿ ಕೊಟ್ಟು ಯೋಗ್ಯತಾಪತ್ರ ನೀಡಿದವರಿಗೆ ಮಾತ್ರ ಗರಗಸ ಹಿಡಿಯುವ ಅನುಮತಿ.

ಮರಕ್ಕಿಂತ ದೊಡ್ಡ ವೈರಿ ನೀರು. ನಡೆದು ನಡೆದು ತಗ್ಗಾದ ದಾರಿ ಮಳೆ ಬಂದಾಗ ತಾನೇ ಹಳ್ಳವಾಗುತ್ತದೆ. ಅದಕ್ಕೆ ಮದ್ದು, ದಾರಿಯ ಮೇಲ್ಮೈ ಹೊರಮಗ್ಗುಲಿಗೆ ತುಸು ವಾಲುವಂತೆ ಮಾಡುವುದು, ಅಲ್ಲಲ್ಲಿ ಓರೆಯಾಗಿ ಕಲ್ಲನ್ನೋ ದಿಮ್ಮಿಯನ್ನೋ ಹೂತು ನೀರನ್ನು ಪಕ್ಕಕ್ಕೆ ತಿರುಗಿಸುವುದು. ಅಡಕೆ ತೋಟದ ಬಸಿಗಾಲುವೆ ಬಲ್ಲ ಮಲೆನಾಡಿನ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ತಿರುವುಗಳಲ್ಲಿ ತುಂಬಿದ ಹೂಳನ್ನು ಗುದ್ದಲಿಯಿಂದ ತೆಗೆಯುವುದೇ ಸ್ವಯಂಸೇವಕನ ನಿತ್ಯಕರ್ಮ. ಅವನ ನೆಚ್ಚಿನ ಆಯುಧದ ಹೆಸರು ಪುಲಾಸ್ಕಿ. ಒಂದು ಬದಿಗೆ ಕೊಡಲಿ, ಇನ್ನೊಂದು ಬದಿಗೆ ಗುದ್ದಲಿಯಿರುವ ಅದು, 1910ರ ಮಹಾ ಕಾಡ್ಗಿಚ್ಚಿನಲ್ಲಿ ತನ್ನ ತಂಡದವರನ್ನು ಗಣಿಯ ಸುರಂಗದೊಳಕ್ಕೆ ಹೊಗಿಸಿ ಬಹುಮಂದಿಯನ್ನು ಉಳಿಸಿದ ಎಡ್ ಪುಲಾಸ್ಕಿ ಎಂಬ ರೇಂಜರನ ಹೆಸರನ್ನು ಹೊತ್ತಿದೆ.

ದಾರಿ ತಿದ್ದುವುದಷ್ಟೇ ಅಲ್ಲದೆ, ಕೆಲವರು ಸ್ವಯಂಸೇವಕ ರೇಂಜರುಗಳಾಗಿ ದಿನಗಟ್ಟಲೆ ಕಾಡಿನಲ್ಲಿ ಸುತ್ತುತ್ತಾರೆ. ಇವರಿಗೆ ದಂಡ ಹಾಕುವ ಅಧಿಕಾರವಿಲ್ಲ, ಮಾತೊಂದೇ ಬಂಡವಾಳ. ಸರೋವರದ ದಡಕ್ಕೆ ಒತ್ತಿ ಡೇರೆ ಹೂಡಿದವರ ಬಳಿಗೆ ಹೋಗಿ, ಎಲ್ಲಿಂದ ಬಂದಿರಿ, ನಾಳೆ ಎತ್ತ ಪಯಣ ಎಂದು ಕುಶಲ ವಿಚಾರಿಸಿ, ಆ ಮೇಲೆ ಇನ್ನೂರು ಅಡಿ ಹಿಂದಕ್ಕೆ ಸರಿಯುವುದು ಏಕೆ ಒಳಿತೆಂಬುದನ್ನು ಮನಗಾಣಿಸಬೇಕು. ಆಜ್ಞೆಯಾಗಿ ಬಂದ ನಿಯಮವನ್ನು ಜನ ಬೆನ್ನು ತಿರುಗಿದೊಡನೆ ಮುರಿಯುತ್ತಾರೆ. ಕಾರಣ ತಿಳಿದ ನಿಯಮ ಕೆಲಮಟ್ಟಿಗಾದರೂ ಉಳಿಯುತ್ತದೆ. ಅವರು ಹೊರಟುಹೋದ ಮೇಲೆ ಹೊಗೆಹಿಡಿದ ಒಲೆಗಲ್ಲುಗಳನ್ನು ಚೆದುರಿಸುವುದು, ಅರ್ಧ ಸುಟ್ಟ ಕಸವನ್ನು ಹೆಕ್ಕಿ ಚೀಲದಲ್ಲಿ ಹೊತ್ತು ತರುವುದು ಈ ಉದ್ಯೋಗದ ವೈಭವವಿಲ್ಲದ ಭಾಗ.

ಇಲ್ಲಿಯವರೆಗೆ ಹೇಳಿದ್ದು ಶೋಭಾಯಮಾನವಾದ ಮುಖ. ಇನ್ನೊಂದು ಮುಖವನ್ನೂ ನೋಡಬೇಕು. ಅಮೆರಿಕಾದ ರಾಷ್ಟ್ರೀಯ ಅರಣ್ಯಗಳಲ್ಲಿ ಸುಮಾರು 1,58,000 ಮೈಲಿ ದಾರಿಯಿದೆ. ಅದರಲ್ಲಿ ಕಾಲುಭಾಗ ಮಾತ್ರ ಇಲಾಖೆಯ ಮಟ್ಟಕ್ಕೆ ತಕ್ಕಂತಿದೆಯೆಂದು ಆ ದೇಶದ ಸಂಸತ್ತಿನ ಲೆಕ್ಕ ತಪಾಸಣಾ ಸಂಸ್ಥೆ 2013ರಲ್ಲಿ ವರದಿ ಮಾಡಿತು. 1972ರ ಕಾಯಿದೆಯೊಂದು ಸ್ವಯಂಸೇವಕರಿಗೆ ಮಾನ್ಯತೆ ಕೊಟ್ಟು, ಕೆಲಸದಲ್ಲಿ ಗಾಯಗೊಂಡರೆ ಪರಿಹಾರವನ್ನೂ ವಿಧಿಸಿದೆ. 2016ರ ಇನ್ನೊಂದು ಕಾಯಿದೆ ಅವರ ನೆರವನ್ನು ಬಹುವಾಗಿ ಹೆಚ್ಚಿಸಿಕೊಳ್ಳಬೇಕೆಂದು ಇಲಾಖೆಗೆ ಹೇಳಿದೆ. ಇತ್ತ 2025ರ ಫೆಬ್ರವರಿಯಲ್ಲಿ ಅರಣ್ಯ ಸೇವೆಯ ಸಾವಿರಾರು ನೌಕರರನ್ನು ಒಮ್ಮೆಲೇ ಕೆಲಸದಿಂದ ತೆಗೆಯಲಾಯಿತು. ಹಲವರನ್ನು ಮರಳಿ ಕರೆಸಿಕೊಂಡುದು ಆಮೇಲಿನ ಮಾತು.

ಪುಕ್ಕಟೆಯಾಗಿ ಮಾಡುವವರು ಇರುವಾಗ ಸಂಬಳದವರೇಕೆ ಎಂಬ ತರ್ಕ ಆಳುವವರಿಗೆ ಪ್ರಿಯವಾದುದು. ಆದರೆ ಸ್ವಯಂಸೇವಕನಿಗೆ ಗರಗಸ ಹಿಡಿಯಲು ಕಲಿಸುವವನು, ಯಾವ ದಾರಿ ಮೊದಲು ಎಂದು ನಿರ್ಧರಿಸುವವನು, ಅವನು ಹೊತ್ತು ಮೀರಿದರೂ ಹಿಂತಿರುಗದಿದ್ದರೆ ಹುಡುಕಿ ಹೊರಡುವವನು ಸಂಬಳದ ನೌಕರನೇ. ಒಬ್ಬ ಅನುಭವಿ ರೇಂಜರನನ್ನು ಕಳೆದುಕೊಂಡ ಕಾಡು, ಅವನ ಹಿಂದಿದ್ದ ಹತ್ತು ಸ್ವಯಂಸೇವಕರನ್ನೂ ಕಳೆದುಕೊಳ್ಳಬಹುದು. ಪ್ರೀತಿಯ ದುಡಿಮೆ ಸರ್ಕಾರದ ಕರ್ತವ್ಯಕ್ಕೆ ಊರುಗೋಲಾದೀತೇ ಹೊರತು ಕಾಲಾಗಲಾರದು. ಈ ವಿವೇಕ ತಪ್ಪಿದಲ್ಲಿ ಸೇವೆಯೆಂಬ ಸುಂದರವಾದ ಮಾತು, ಜವಾಬ್ದಾರಿಯಿಂದ ನುಣುಚಿಕೊಳ್ಳುವ ನೆಪವಾಗಿಬಿಡುತ್ತದೆ.

ಹಾಗಿದ್ದೂ ಆ ಜನ ಹೋಗುತ್ತಲೇ ಇದ್ದಾರೆ. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ಅಪಲಾಚಿಯನ್ ದಾರಿಯ ದಕ್ಷಿಣ ಭಾಗದ ಮೇಲೆ ಅಸಂಖ್ಯ ಮರಗಳನ್ನು ಉರುಳಿಸಿದಾಗ, ಗರಗಸ ಹೊತ್ತು ಬೆಟ್ಟ ಹತ್ತಿದವರಲ್ಲಿ ಸಂಘಗಳ ಈ ಹಿರಿಯರೂ ಕಿರಿಯರೂ ಇದ್ದರು. ಅವರ ಕೆಲಸಕ್ಕೆ ಶಿಲಾಶಾಸನವಿಲ್ಲ. ನೀರು ಸರಿಯಾಗಿ ತಿರುಗಿದ ದಾರಿಯಲ್ಲಿ ನಡೆಯುವವನಿಗೆ ನೀರಿನ ನೆನಪೇ ಬಾರದು; ಕೊಯ್ದು ಸರಿಸಿದ ಮರವನ್ನು ದಾಟಿ ಹೋಗುವವನು ಬೆಟ್ಟದ ನೋಟವನ್ನು ಮೆಚ್ಚುತ್ತ ಮುಂದೆ ಸಾಗುತ್ತಾನೆ. ಅವನು ತಮ್ಮನ್ನು ನೆನೆಯದೆ ಸುಖವಾಗಿ ನಡೆದು ಹೋಗಲೆಂಬುದೇ ಅವರ ಆಸೆ. ಮುಂದಿನ ಮಳೆಗೆ ಮತ್ತೆ ಹೂಳು ತುಂಬುತ್ತದೆ. ಅದನ್ನು ಬಲ್ಲವರು ಗುದ್ದಲಿಯನ್ನು ಕೈಗೆಟುಕುವಲ್ಲಿಯೇ ಇಟ್ಟುಕೊಂಡಿರುತ್ತಾರೆ.