ಸುಂಡಿಲಿಗಳು ತಿಳಿಸಿದ ದೇಹದ ಗುರುತು

ಒಬ್ಬರ ಮೂತ್ರಪಿಂಡವನ್ನು ಮತ್ತೊಬ್ಬರಿಗೆ ಕಸಿ ಮಾಡಿದಾಗ, ಔಷಧದ ನೆರವಿಲ್ಲದಿದ್ದರೆ ದೇಹವು ಸಾಮಾನ್ಯವಾಗಿ ಅದನ್ನು ತಿರಸ್ಕರಿಸುತ್ತದೆ. ಪ್ರಾಣ ಉಳಿಸಲು ಬಂದ ಅಂಗವನ್ನೇ ದೇಹವು ಪರಕೀಯವೆಂದು ಬಗೆಯುವುದೇಕೆ? ಈ ಪ್ರಶ್ನೆಗೆ ಉತ್ತರದ ಸುಳಿವು ದೊರೆತದ್ದು ಸುಂಡಿಲಿಗಳಲ್ಲಿ.

1936ರಲ್ಲಿ ಲಂಡನ್ನಿನ ಪೀಟರ್ ಗೋರರ್ ಅವರು ಇಲಿಗಳ ರಕ್ತಕಣಗಳ ಮೇಲೆ ಒಂದು ಗುರುತನ್ನು ಕಂಡುಹಿಡಿದರು. ಒಂದು ಇಲಿಯಿಂದ ಇನ್ನೊಂದಕ್ಕೆ ಕಸಿ ಮಾಡಿದ ಗಡ್ಡೆ ಉಳಿಯುವುದೂ ಅಳಿಯುವುದೂ ಆ ಗುರುತಿಗೆ ಸಂಬಂಧಪಟ್ಟಿತ್ತು. ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾರ್ಜ್ ಸ್ನೆಲ್ ಅವರು ಹಲವು ತಲೆಮಾರುಗಳವರೆಗೆ ಇಲಿಗಳನ್ನು ಸಾಕಿ, ಈ ಗುರುತಿನ ವಂಶವಾಹಿ ಭಾಗದಲ್ಲಷ್ಟೇ ಭಿನ್ನವಾದ ತಳಿಗಳನ್ನು ಸಿದ್ಧಪಡಿಸಿದರು. 1947ರ ಕಾಳ್ಗಿಚ್ಚಿಗೆ ಪ್ರಯೋಗಾಲಯವು ಆಹುತಿಯಾಗಿ ಬಹುಪಾಲು ಇಲಿಗಳು ಸತ್ತವು. ಹಿಂದೆ ಬೇರೆಡೆಗೆ ಕಳುಹಿಸಿದ್ದ ತಳಿಗಳು ಮರಳಿ ಬಂದುದರಿಂದ ಕೆಲಸ ಮುಂದುವರಿಯಿತು. ಇಲಿಯ 17ನೆಯ ವರ್ಣತಂತುವಿನಲ್ಲಿರುವ ಆ ಭಾಗಕ್ಕೆ ಎಚ್-2 ಎಂದು ಹೆಸರು. ಮಾನವನಲ್ಲಿ ಅದಕ್ಕೆ ಸಮನಾದದ್ದು 6ನೆಯ ವರ್ಣತಂತುವಿನ ಎಚ್‌ಎಲ್‌ಎ. ಸ್ನೆಲ್ ಅವರಿಗೆ 1980ರಲ್ಲಿ, ಇನ್ನಿಬ್ಬರೊಡನೆ, ನೊಬೆಲ್ ಪುರಸ್ಕಾರ ಸಂದಿತು.

ಆದರೆ ಪ್ರಕೃತಿಯಲ್ಲಿ ಅಂಗಕಸಿ ಎಂಬುದಿಲ್ಲ. ಹಾಗಾದರೆ ಈ ವಂಶವಾಹಿಗಳ ನಿಜವಾದ ಕಾರ್ಯವೇನು? 1974ರಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಪೀಟರ್ ಡೊಹರ್ಟಿ ಮತ್ತು ರಾಲ್ಫ್ ಝಿಂಕರ್‌ನಾಗೆಲ್ ಅವರು, ವೈರಾಣು ಸೋಂಕಿದ ಇಲಿಗಳಲ್ಲಿ ಅದನ್ನು ತೋರಿಸಿದರು. ರೋಗನಿರೋಧಕ ಟಿ ಕೋಶವು ವೈರಾಣುವನ್ನು ಮಾತ್ರ ನೋಡಿ ದಾಳಿ ಮಾಡುವುದಿಲ್ಲ. ಸೋಂಕಿದ ಕೋಶವು ತನ್ನದೇ ಎಚ್-2 ಗುರುತನ್ನು ಹೊತ್ತಿರಬೇಕು. ಆ ಗುರುತಿನ ಪ್ರೋಟೀನು ವೈರಾಣುವಿನ ತುಣುಕನ್ನು ಕೋಶದ ಹೊರಮೈಯಲ್ಲಿ ಎತ್ತಿ ಹಿಡಿಯುತ್ತದೆ ಎಂಬುದು ಮುಂದೆ ಸ್ಪಷ್ಟವಾಯಿತು.

ಒಂದೊಂದು ಬಗೆಯ ಪ್ರೋಟೀನು ಕೆಲವೇ ತುಣುಕುಗಳನ್ನು ಹಿಡಿಯಬಲ್ಲದು. ತಾಯಿತಂದೆಯರಿಂದ ಬೇರೆಬೇರೆ ಬಗೆಗಳನ್ನು ಪಡೆದ ಇಲಿಯು ಹೆಚ್ಚು ರೋಗಾಣುಗಳನ್ನು ಗುರುತಿಸಬಲ್ಲದು. ಎಲ್ಲ ಇಲಿಗಳಲ್ಲಿಯೂ ಒಂದೇ ಬಗೆಯಿದ್ದರೆ, ಅದನ್ನು ವಂಚಿಸಲು ಕಲಿತ ರೋಗಾಣುವು ಇಡೀ ಸಂತತಿಯನ್ನು ಬಾಧಿಸಬಹುದು. ಆದ್ದರಿಂದಲೇ ಕಾಡಿನ, ಹೊಲದ ಇಲಿಗಳಲ್ಲಿ ಈ ವಂಶವಾಹಿಗಳ ಅಪಾರ ವೈವಿಧ್ಯ ಉಳಿದುಬಂದಿದೆ. ಕೆಲವು ರೂಪಗಳ ಮೂಲವು ಇಂದಿನ ಇಲಿ ಪ್ರಭೇದಗಳು ಕವಲೊಡೆಯುವುದಕ್ಕಿಂತಲೂ ಹಳೆಯದು.

ಮನುಕುಲಕ್ಕೂ ಈ ವೈವಿಧ್ಯವೇ ರಕ್ಷೆ. ಆದರೆ ರಕ್ತದ ಕ್ಯಾನ್ಸರ್, ಥಲಸೇಮಿಯಾಗಳಿಗೆ ಅಸ್ಥಿಮಜ್ಜೆಯ ಕಸಿ ಬೇಕಾದಾಗ ಅದೇ ತೊಡಕಾಗುತ್ತದೆ. ಒಡಹುಟ್ಟಿದ ಒಬ್ಬರ ಗುರುತು ರೋಗಿಯದಕ್ಕೆ ಪೂರ್ಣವಾಗಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. ಮನೆಯಲ್ಲಿ ಹೊಂದಿಕೆ ಸಿಗದಿದ್ದರೆ ಅಪರಿಚಿತ ದಾನಿಯನ್ನು ಹುಡುಕಬೇಕು. ಆ ಹೊಂದಿಕೆ ಒಂದೇ ಮೂಲದ ಜನರಲ್ಲಿ ದೊರೆಯುವ ಸಂಭವ ಹೆಚ್ಚು. ನಮ್ಮ ನಾಡಿನ ರೋಗಿಗಳಿಗೆ ನಮ್ಮ ನಾಡಿನ ದಾನಿಗಳೇ ಹೆಚ್ಚಿನ ಆಸರೆ.

ದಾನಿಯಾಗಿ ಹೆಸರು ನೋಂದಾಯಿಸಲು ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಸವರಿ ಕೊಟ್ಟರೆ ಸಾಕು. ಮುಂದೆ ಹೊಂದಿಕೆಯಾದರೆ, ಬೇಕಾದ ಕಾಂಡಕೋಶಗಳನ್ನು ಹೆಚ್ಚಾಗಿ ತೋಳಿನ ರಕ್ತದಿಂದಲೇ ಪಡೆಯುತ್ತಾರೆ. ದಾನಿಯ ದೇಹವು ಅವನ್ನು ಮತ್ತೆ ತುಂಬಿಕೊಳ್ಳುತ್ತದೆ. ಆರೋಗ್ಯವಂತರಾದ ತರುಣ ತರುಣಿಯರು ವೈದ್ಯರ ಸಲಹೆ ಪಡೆದು, ಈ ದಾನಕ್ಕೆ ಮುಂದಾಗಲೆಂದು ನಾವು ಹಾರೈಸುತ್ತೇವೆ.