ಜೀಪಿನ ಎಂಜಿನ್ ಇಳಿಸುವ ಮುನ್ನ ಮುಂಭಾಗ ಬಿಚ್ಚಿ

ಸದಸ್ಯ ಬಾಂಧವರ ಮನೆಯ ಕೊಟ್ಟಿಗೆಯಲ್ಲೋ ಕಣದ ಮೂಲೆಯಲ್ಲೋ ಹಳೆಯ ಜೀಪೊಂದು ನಿಂತಿರುವುದು ಮಲೆನಾಡಿನಲ್ಲಿ ಹೊಸ ಸಂಗತಿಯಲ್ಲ. ಗೊಬ್ಬರ, ಅಡಿಕೆ ಗೊನೆ, ಕಾಫಿ ಮೂಟೆ, ಮದುವೆಯ ದಿಬ್ಬಣ, ಎಲ್ಲವನ್ನೂ ಹೊತ್ತ ವಾಹನವದು. ನಮ್ಮಲ್ಲಿರುವುದು ತಂದೆಯವರು ಕೊಂಡ ಮಹೀಂದ್ರ ಸಿ.ಜೆ. 3ಬಿ. ಅಮೆರಿಕದ ವಿಲ್ಲಿಸ್ ಕಂಪನಿ 1953ರಲ್ಲಿ ಹೊರತಂದ ಮಾದರಿ. ಅಲ್ಲಿ 1968ರಲ್ಲಿ ನಿಂತರೂ ನಮ್ಮ ದೇಶದಲ್ಲಿ ಮಹೀಂದ್ರದವರು ಬಹುಕಾಲ ತಯಾರಿಸಿದರು. ಅದರ 2.2 ಲೀಟರಿನ ಹರಿಕೇನ್ ಪೆಟ್ರೋಲ್ ಎಂಜಿನ್ ಎತ್ತರವಾದದ್ದು. ಬಾನೆಟ್ ಎತ್ತರವಾಗಿರುವುದೂ ಅದಕ್ಕೇ.

2011ರ ಬೇಸಿಗೆಯಲ್ಲಿ ನಮ್ಮ ಜೀಪಿನ ರೇಡಿಯೇಟರ್ ಕಟ್ಟಿಕೊಂಡು, ಎಂಜಿನ್ ಕಾದು ಹಿಡಿದುಕೊಂಡಿತು. ಅದೇ ಮಾದರಿಯ ಇನ್ನೊಂದು ಎಂಜಿನ್ ದೊರೆಯಿತು. ಮೃಗಶಿರ ಮಳೆಗೆ ಮೊದಲು ಕೆಲಸ ಮುಗಿಸುವ ಆತುರ. ಬಾನೆಟ್ಟು, ರೇಡಿಯೇಟರ್ ಬಿಚ್ಚಿದೆವು. ಮುಂದಿನ ಜಾಲರಿ ಬಿಚ್ಚಲು ಅರ್ಧ ದಿನ ಬೇಕೆಂದು ಮೇಸ್ತ್ರಿ ಹೇಳಿದರೂ, "ಮೇಲಕ್ಕೆ ಎತ್ತಿ ದಾಟಿಸಿದರಾಯಿತು" ಎಂದವರು ನಾವೇ.

ಎಂಜಿನ್ ಮೊದಲು ನೇರ ಮುಂದಕ್ಕೆ ಸರಿದು, ಗೇರ್‌ಬಾಕ್ಸಿನ ಶಾಫ್ಟು ಕ್ಲಚ್ಚಿನಿಂದ ಬಿಡಿಸಿಕೊಂಡ ಮೇಲೆಯೇ ಮೇಲೇಳಬೇಕು. ಎದುರಿಗೆ ಜಾಲರಿ ಇದ್ದುದರಿಂದ ಓರೆಯಾಗಿ ಎತ್ತಿದೆವು. ಶಾಫ್ಟು ಸಿಕ್ಕಿಕೊಂಡಿತು. ಜಗ್ಗಿದಾಗ ಒಮ್ಮೆಲೇ ಬಿಟ್ಟುಕೊಂಡು, ಮೂರು ಮೂಟೆ ಕಾಫಿಗೆ ಕಡಿಮೆಯಿಲ್ಲದ ಆ ಭಾರ ಚೈನಿನಲ್ಲಿ ತೂಗಾಡಿ ಜಾಲರಿಗೆ ಅಪ್ಪಳಿಸಿತು. ನಡುವೆ ನಮ್ಮ ತೋಟದ ಯುವಕನೊಬ್ಬನ ಕೈ ಇತ್ತು. ಎರಡು ಬೆರಳಿನ ಮೂಳೆ ಮುರಿಯಿತು. ಚಿಕಿತ್ಸೆಯ ಖರ್ಚನ್ನೂ ಸಂಬಳವನ್ನೂ ಕೊಟ್ಟೆವು. ಆದರೆ ತಪ್ಪು ನಮ್ಮದೆಂಬುದು ಅದರಿಂದ ತೀರಲಿಲ್ಲ.

ಮುಂದೆ ಸರಿಯಾಗಿ ಮಾಡಿದ ಕ್ರಮವನ್ನು ಸದಸ್ಯರ ಉಪಯೋಗಕ್ಕಾಗಿ ಇಲ್ಲಿ ಕೊಟ್ಟಿದ್ದೇವೆ.

ಹಿಂದಿನ ರಾತ್ರಿಯೇ ತುಕ್ಕು ಹಿಡಿದ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬೆಳಿಗ್ಗೆ ಬ್ಯಾಟರಿಯ ಅರ್ತ್ ತಂತಿಯನ್ನು ಮೊದಲು ತೆಗೆಯಿರಿ. ಪೆಟ್ರೋಲ್ ಪೈಪು ಬಿಚ್ಚಿ ಬಾಯಿ ಮುಚ್ಚಿ. ಹತ್ತಿರ ಬೀಡಿಯಾಗಲಿ ಗ್ಯಾಸ್ ಕಟ್ಟರಾಗಲಿ ಸುಳಿಯಬಾರದು.

ಎಂಜಿನ್ ತಣ್ಣಗಿರುವಾಗ ರೇಡಿಯೇಟರಿನ ನೀರನ್ನು ಪಾತ್ರೆಗೆ ಇಳಿಸಿ. ಕೂಲೆಂಟ್ ಬೆರೆತ ನೀರು ಸಿಹಿಯಾಗಿರುತ್ತದೆ, ಆದರೆ ವಿಷ. ನಾಯಿ, ದನಕರು ನೆಕ್ಕದಂತೆ ನೋಡಿಕೊಳ್ಳಿ.

ಬಾನೆಟ್ಟಿನ ಹಿಂಜಿನ ಸುತ್ತ ಸೀಮೆಸುಣ್ಣದಿಂದ ಗುರುತು ಹಾಕಿ, ಇಬ್ಬರು ಹಿಡಿದು ಬಿಚ್ಚಿ, ಗೋಣಿಚೀಲದ ಮೇಲೆ ಇಡಿ. ಹೆಡ್‌ಲೈಟುಗಳು ಜಾಲರಿಯಲ್ಲೇ ಇರುವುದರಿಂದ ಪ್ರತಿಯೊಂದು ತಂತಿಗೂ ಚೀಟಿ ಕಟ್ಟಿ. ಹೋಸ್ ಪೈಪುಗಳನ್ನೂ ಮೇಲಿನ ಆಧಾರದ ಕಂಬಿಗಳನ್ನೂ ತೆಗೆದು ಮೊದಲು ರೇಡಿಯೇಟರನ್ನು, ಆಮೇಲೆ ಜಾಲರಿಯನ್ನು ಇಳಿಸಿ. ಜಾಲರಿಯ ಅಡಿಯಲ್ಲಿರುವ ರಬ್ಬರು, ವಾಷರುಗಳನ್ನು ಇದ್ದ ಅನುಕ್ರಮದಲ್ಲೇ ದಾರಕ್ಕೆ ಪೋಣಿಸಿಡಿ. ಅವು ಅದಲುಬದಲಾದರೆ ಬಾನೆಟ್ಟು ಸರಿಯಾಗಿ ಕೂರದು. ಮಡ್‌ಗಾರ್ಡುಗಳನ್ನು ಸಾಮಾನ್ಯವಾಗಿ ಬಿಚ್ಚಬೇಕಿಲ್ಲ, ಹಳೆಯ ಕಂಬಳಿ ಹೊದಿಸಿದರೆ ಸಾಕು.

ಎದುರು ಹೀಗೆ ಬಯಲಾದ ಮೇಲೆ ಕ್ಲಚ್ ಹೌಸಿಂಗಿನ ಅಡಿಗೆ ಜಾಕ್ ಕೊಟ್ಟು, ಎಂಜಿನ್ನಿನ ಭಾರವನ್ನು ಚೈನ್ ಬ್ಲಾಕಿಗೆ ವಹಿಸಿ, ಬೋಲ್ಟುಗಳನ್ನು ಬಿಚ್ಚಿ ನೇರವಾಗಿ ಮುಂದಕ್ಕೆ ತನ್ನಿ. ಯಾರ ಕೈಕಾಲೂ ಅದರ ಕೆಳಗಾಗಲಿ ಎದುರಿಗಾಗಲಿ ಇರಕೂಡದು.

ತೆರೆದಿರುವಾಗಲೇ ಚಾಸಿಸ್ಸಿನ ಮುಂದಿನ ಅಡ್ಡಪಟ್ಟಿ, ಸ್ಟಿಯರಿಂಗ್ ಬಾಕ್ಸ್ ಕೂರುವ ಜಾಗಗಳಲ್ಲಿ ಬಿರುಕಿದೆಯೇ ನೋಡಿ. ರೇಡಿಯೇಟರನ್ನು ತೊಳೆಸಿ, ನಮ್ಮ ಹಳೆಯ ಎಂಜಿನ್ ಸತ್ತದ್ದು ಇದನ್ನು ಮಾಡದೆ. ತಿರುಗಿ ಜೋಡಿಸುವಾಗ ಎಲ್ಲ ನಟ್ಟುಗಳನ್ನೂ ಅರ್ಧ ಬಿಗಿಮಾಡಿ, ಬಾನೆಟ್ಟು ಗುರುತಿಗೆ ಕೂತ ಮೇಲೆಯೇ ಪೂರ್ತಿ ಬಿಗಿಯಿರಿ.

ಒಂದು ಎಚ್ಚರಿಕೆ. ಎಂಜಿನ್ ಬದಲಾವಣೆಗೆ ಸಾರಿಗೆ ಕಚೇರಿಯ ಅನುಮತಿ ಮೊದಲೇ ಬೇಕು. ಹೊಸ ಎಂಜಿನ್ ಸಂಖ್ಯೆ ಆರ್.ಸಿ.ಯಲ್ಲಿ ದಾಖಲಾಗಬೇಕು. 50 ವರ್ಷ ಮೀರಿದ ಜೀಪನ್ನು 2021ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸುವ ಆಸೆ ಕೆಲವರಿಗಿದೆ. ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡಾದ ವಾಹನಕ್ಕೆ ಅದು ಸಲ್ಲದು. ಹಾಗೆ ನೋಂದಾಯಿಸಿದ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತೆಯೂ ಇಲ್ಲ.

ನಮ್ಮ ಸಂಘದ ಗೋದಾಮಿನಲ್ಲಿ ಚೈನ್ ಬ್ಲಾಕ್ ಒಂದಿದೆ. ಪುಸ್ತಕದಲ್ಲಿ ಸಹಿ ಮಾಡಿ ಒಯ್ಯಬಹುದು. ಒಯ್ಯಲು ಬಂದವರನ್ನು ನಾವು ಕೇಳುವುದು ಒಂದೇ ಪ್ರಶ್ನೆ: "ಜಾಲರಿ ಬಿಚ್ಚಿದ್ದಾಯಿತೇ?" ಆ ಯುವಕ ಈಗಲೂ ನಮ್ಮಲ್ಲೇ ಇದ್ದಾನೆ. ಅವನ ನಡುಬೆರಳು ಪೂರ್ತಿ ಮಡಚುವುದಿಲ್ಲ. ಕಾಫಿ ಕೊಯ್ಲಿನ ಕಾಲದಲ್ಲಿ ಅದು ನಮ್ಮ ಕಣ್ಣಿಗೆ ಬೀಳದ ದಿನವಿಲ್ಲ.